ಪದಚರ್ಚೆ: ‘ಕೋಶದ ಒತ್ತಡ’ಕ್ಕೆ ಬೇರೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಬಗ್ಗೆ ರೋಗಿಗಳಿಗೂ ಅವರ ಮನೆಯವರಿಗೂ ತಿಳಿಯುವಂತೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ‘ಸೆಲ್ಯುಲರ್ ಸ್ಟ್ರೆಸ್’ ಎಂಬುದಕ್ಕೆ ‘ಕೋಶದ ಒತ್ತಡ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ರೋಗಿಯ ಪಾಲಿಗೆ ಒತ್ತಡವೆಂದರೆ ಒಂದೋ ರಕ್ತದೊತ್ತಡ, ಇಲ್ಲವೇ ಮನಸ್ಸಿನ ಒತ್ತಡ. ‘ಒತ್ತಡದಿಂದ ಕ್ಯಾನ್ಸರ್ ಕೋಶಗಳು ಸಾಯುತ್ತವೆ’ ಎಂದು ಓದಿದವರು ಏನೆಂದುಕೊಂಡಾರು?

ಸಂದರ್ಭ ಇದು. ಮೈಲೋಮಾ ಹುಟ್ಟುವುದು ಪ್ಲಾಸ್ಮಾ ಕೋಶಗಳಲ್ಲಿ. ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ಹೇರಳವಾಗಿ ತಯಾರಿಸುವುದೇ ಅವುಗಳ ಕಸುಬು. ಪ್ರೋಟೀನಿನ ಎಳೆ ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಕೆಟ್ಟು ಮಡಚಿದ್ದನ್ನು ಕೋಶದೊಳಗಿನ ಪ್ರೋಟಿಯಾಸೋಮ್ ಎಂಬ ಕತ್ತರಿಯಂಥ ರಚನೆ ತುಂಡರಿಸುತ್ತದೆ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬೋರ್ಟೆಜೊಮಿಬ್ ಔಷಧ ಈ ಪ್ರೋಟಿಯಾಸೋಮನ್ನೇ ತಡೆಯುತ್ತದೆ. ಕೆಟ್ಟ ಪ್ರೋಟೀನು ರಾಶಿ ಬೀಳುತ್ತದೆ. ಕೋಶ ಮೊದಲು ಸುಧಾರಿಸಿಕೊಳ್ಳಲು ನೋಡುತ್ತದೆ: ಹೊಸ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸಿ, ಮಡಚಲು ನೆರವಾಗುವ ಅಣುಗಳನ್ನು ಹೆಚ್ಚಿಸುತ್ತದೆ. ಆದರೂ ರಾಶಿ ಕರಗದಿದ್ದರೆ ಅದೇ ವ್ಯವಸ್ಥೆ ಸಾವಿನ ದಾರಿ ಹಿಡಿಸುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಸೋರಿ, ಕ್ಯಾಸ್ಪೇಸ್ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ.

ಇಲ್ಲಿ ನನಗೆ ‘ಹೊರೆ’ ಹಿಡಿಸಿದೆ. ಹೊರೆಯನ್ನು ಒಂದು ಮಿತಿಯವರೆಗೆ ಹೊರಬಹುದು, ಮೀರಿದರೆ ಕುಸಿಯಬೇಕು. ಎರಡು ಹಂತಗಳೂ ಆ ಒಂದೇ ಮಾತಿನಲ್ಲಿವೆ. ತೊಡಕೆಂದರೆ, ಆಮ್ಲಜನಕದ ಕೊರತೆಯೂ ಕೋಶಕ್ಕೆ ಸ್ಟ್ರೆಸ್ಸೇ, ಅದನ್ನು ಹೊರೆ ಎನ್ನಲಾಗದು. ‘ಸಂಕಟ’ ಎಂದರೆ ಹೊಟ್ಟೆ ತೊಳಸುವುದು ನೆನಪಾಗುತ್ತದೆ. ‘ಬವಣೆ’ ಮನುಷ್ಯರದೇ ಆಗಿಬಿಟ್ಟಿದೆ.

ಇನ್ನೊಂದು ಪದ ‘ಅಪೊಪ್ಟೋಸಿಸ್’, ಅಂದರೆ ಕೋಶ ತನ್ನನ್ನು ತಾನೇ ಕತ್ತರಿಸಿಕೊಂಡು ಸಾಯುವ ಮೇಲಿನ ಬಗೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಬಳಕೆಗೆ ತಂದ ಹೆಸರು. ಗ್ರೀಕ್ ಭಾಷೆಯಲ್ಲಿ ಎಲೆ, ಎಸಳು ಉದುರುವುದಕ್ಕೆ ಹೀಗೆನ್ನುತ್ತಾರೆ. ನಮ್ಮ ‘ಉದುರು’ ಅದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಕ್ಯಾನ್ಸರ್ ಚಿಕಿತ್ಸೆಯ ಪುಸ್ತಕದಲ್ಲಿ ಉದುರುವುದು ಎಂದೊಡನೆ ಓದುಗರ ಕೈ ತಲೆಗೂದಲಿಗೆ ಹೋಗುತ್ತದೆ. ಜನಪ್ರಿಯ ಬರಹಗಳ ‘ಕೋಶದ ಆತ್ಮಹತ್ಯೆ’ಯನ್ನು ನೊಂದವರ ಕೈಗೆ ಕೊಡುವ ಪುಸ್ತಕದಲ್ಲಿ ನಾನು ಬರೆಯಲಾರೆ. ‘ಯೋಜಿತ ಕೋಶಮರಣ’ ಎಂದರೆ ಯಾರು ಯೋಜಿಸಿದರು ಎಂಬ ಪ್ರಶ್ನೆ ಏಳುತ್ತದೆ.

ಕೆರ್ ಅವರು 1971ರಲ್ಲಿ ಇದಕ್ಕೆ ಕೊಟ್ಟಿದ್ದ ಹಳೆಯ ಹೆಸರಿನಲ್ಲಿ ಕುಗ್ಗುವಿಕೆಯ ಅರ್ಥವಿತ್ತು. ನಿಜಕ್ಕೂ ಕೋಶ ಉಬ್ಬಿ ಒಡೆಯುವುದಿಲ್ಲ. ಮುದುಡಿ ಚೂರಾಗುತ್ತದೆ, ಚೂರುಗಳನ್ನು ಭಕ್ಷಕ ಕೋಶಗಳು ನುಂಗುತ್ತವೆ. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಹೊರೆ ಮಿತಿಮೀರಿದಾಗ ಮೈಲೋಮಾ ಕೋಶ ಮುದುಡಿ ಸಾಯುತ್ತದೆ.’ ವೈದ್ಯರಲ್ಲದವರಿಗೆ ಈ ವಾಕ್ಯ ಹೇಗೆ ಕೇಳಿಸುತ್ತದೆ? ‘ಮುದುಡುಸಾವು’ ಎಂದು ಸಮಾಸ ಮಾಡಿದರೆ ಕೃತಕವೆನಿಸುತ್ತದೆಯೇ? ನಿಮ್ಮ ಊರಿನ ಬಳಕೆಯಲ್ಲಿ ಇವೆರಡಕ್ಕೂ ಇನ್ನೂ ಒಪ್ಪುವ ಮಾತುಗಳಿದ್ದರೆ ದಯವಿಟ್ಟು ತಿಳಿಸಿ.