ಗೀಕ್ಸ್‌ಗೆ ಕಾಮನ್ ಲಿಸ್ಪ್ ಲೈಬ್ರರಿ: ಕ್ವಿಕ್‌ಲಿಸ್ಪ್‌ನಲ್ಲಿ ಲೋಡ್ ಆಗುತ್ತೆ, ಗೀಕ್ಸ್ ಬಿಲ್ಡ್‌ನಲ್ಲಿ ಬೀಳುತ್ತೆ

ಕಂಸಪ್ರಿಯ, ಪುಣೆ

ನಮಸ್ಕಾರ್ರೀ. ಕಾಮನ್ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಒಂದು ಸಣ್ಣ ಲೈಬ್ರರಿನ ಗೀಕ್ಸ್ ಅನ್ನೋ ಪ್ಯಾಕೇಜ್ ಮ್ಯಾನೇಜರ್‌ಗೆ ಪ್ಯಾಕೇಜ್ ಮಾಡ್ಲಿಕ್ಕೆ ಹತ್ತೀನಿ. ಅದು ಸಿಎಫ್‌ಎಫ್‌ಐ (ಲಿಸ್ಪ್‌ನಿಂದ ಸಿ ಕೋಡ್ ಕರೆಯೋ ಲೈಬ್ರರಿ) ಮೂಲಕ ಒಂದು ಸಿ ಲೈಬ್ರರಿ ಕರೀತದ, ಟೆಸ್ಟ್‌ಗೆ ಫೈವ್‌ಎಎಮ್ ಅನ್ನೋ ಟೆಸ್ಟ್ ಲೈಬ್ರರಿ ಬೇಕು. ಲಿಸ್ಪ್ ಲೈಬ್ರರಿ ಇಳಿಸಿಕೊಡೋ ಕ್ವಿಕ್‌ಲಿಸ್ಪ್‌ನಾಗ ತಕರಾರಿಲ್ಲದ ಲೋಡ್ ಆಗ್ತದ. ಗೀಕ್ಸ್ ಬಿಲ್ಡ್ ಕೊಟ್ರ ಮೊದಲು ಕಾಂಪೊನೆಂಟ್ ಸಿಗಲಿಲ್ಲ ಅಂತು. ಫೈವ್‌ಎಎಮ್ ಸೇರಿಸಿದ ಮ್ಯಾಲೆ ಫಾರಿನ್ ಲೈಬ್ರರಿ ಲೋಡ್ ಆಗಲಿಲ್ಲ ಅಂತದ. ಸಿ ಲೈಬ್ರರಿ ಇನ್‌ಪುಟ್ಸ್‌ನಾಗ ಅದ, ಆದ್ರೂ ಹಿಂಗ್ಯಾಕ? ಇನ್ನೊಂದು, ಆ ರಿಪೊದಾಗ ರಿಲೀಸ್ ಟ್ಯಾಗ್ ಒಂದೂ ಇಲ್ಲ. ವರ್ಶನ್ ಏನಂತ ಬರೀಬೇಕ್ರಿ?

ಮಾಟುಂಗಾ ಲಿಸ್ಪ್, ಮುಂಬೈ

ಕ್ವಿಕ್‌ಲಿಸ್ಪ್ ಮರೆತುಬಿಡಿ, ಲೈಬ್ರರಿಗೆ ಏನೇನು ಬೇಕೆಂದು ಹೇಳುವ ಡಾಟ್ ಎಎಸ್‌ಡಿ ಫೈಲ್ ತೆರೆದು ಓದಿ. ಗೀಕ್ಸ್‌ನ ಬಿಲ್ಡ್ ಪರಿಸರದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕ್ವಿಕ್‌ಲಿಸ್ಪ್ ಸದ್ದಿಲ್ಲದೆ ಇಳಿಸಿಕೊಡುತ್ತಿದ್ದುದನ್ನೆಲ್ಲ ಇಲ್ಲಿ ನೀವೇ ಹೆಸರಿಸಬೇಕು. ಡಿಪೆಂಡ್ಸ್-ಆನ್ ಸಾಲಿನಲ್ಲಿರುವುದು ಇನ್‌ಪುಟ್ಸ್‌ಗೆ, ಟೆಸ್ಟ್‌ಗೆ ಮಾತ್ರ ಬೇಕಾದದ್ದು ನೇಟಿವ್-ಇನ್‌ಪುಟ್ಸ್‌ಗೆ. ಡೆಫ್‌ಸಿಸ್ಟಮ್-ಡಿಪೆಂಡ್ಸ್-ಆನ್ ಎಂಬ ಸಾಲು ಬೇರೆಯೇ ಇರುತ್ತದೆ. ಸಿ ಹೆಡರ್‌ಗಳಿಂದ ಮಾಹಿತಿ ತೆಗೆಯುವ ಸಿಎಫ್‌ಎಫ್‌ಐ-ಗ್ರೋವೆಲ್ ಸಾಮಾನ್ಯವಾಗಿ ಅಡಗಿರುವುದು ಅಲ್ಲೇ.

ಇನ್ನು ಸಿ ಲೈಬ್ರರಿ. ಸೋರ್ಸ್‌ನಲ್ಲಿ ಬರೀ ಫೈಲ್ ಹೆಸರು ಇರುತ್ತದೆ, ಅದನ್ನು ಸಿಎಫ್‌ಎಫ್‌ಐ ಹಾಗೆಯೇ ಲೈಬ್ರರಿ ತೆರೆಯುವ ಡಿಎಲ್‌ಓಪನ್ ಫಂಕ್ಷನ್‌ಗೆ ಕೊಡುತ್ತದೆ. ಗೀಕ್ಸ್‌ನಲ್ಲಿ ಲೈಬ್ರರಿ ಇರುವುದು /ಗ್ನೂ/ಸ್ಟೋರ್ ಒಳಗೆ, ಹ್ಯಾಶ್ ಹೊತ್ತ ಡೈರೆಕ್ಟರಿಯಲ್ಲಿ. ಡಿಎಲ್‌ಓಪನ್ ಅಲ್ಲಿ ಹುಡುಕುವುದೇ ಇಲ್ಲ, ಹಾಗಾಗಿ ಇನ್‌ಪುಟ್ಸ್‌ಗೆ ಸೇರಿಸಿದರಷ್ಟೇ ಸಾಲದು. ಅನ್‌ಪ್ಯಾಕ್ ಆದಮೇಲೆ ಒಂದು ಫೇಸ್ (ಬಿಲ್ಡ್‌ನ ಹಂತ) ಸೇರಿಸಿ, ಅದರಲ್ಲಿ ಸಬ್‌ಸ್ಟಿಟ್ಯೂಟ್* ಬಳಸಿ ಆ ಹೆಸರಿನ ಜಾಗಕ್ಕೆ ಸರ್ಚ್-ಇನ್‌ಪುಟ್-ಫೈಲ್ ಕೊಡುವ ಪೂರ್ತಿ ಪಾತ್ ಹಾಕಿ. ಎಚ್ಚರಿಕೆ: ಪ್ಯಾಟರ್ನ್ ಹೊಂದದಿದ್ದರೆ ಸಬ್‌ಸ್ಟಿಟ್ಯೂಟ್* ಎರರ್ ಕೊಡುವುದಿಲ್ಲ, ಏನೂ ಬದಲಿಸದೆ ಮುಂದೆ ಹೋಗುತ್ತದೆ. --ಕೀಪ್-ಫೇಲ್ಡ್ ಕೊಟ್ಟು ಬಿಲ್ಡ್ ಮಾಡಿ, /ಟಿಎಂಪಿ ಒಳಗೆ ಉಳಿದ ಡೈರೆಕ್ಟರಿಯಲ್ಲಿ ಗ್ರೆಪ್ ಮಾಡಿ ಪಾತ್ ಬದಲಾಗಿದೆಯೇ ಅಂತ ಕಣ್ಣಾರೆ ನೋಡಿ.

ಫೈವ್‌ಎಎಮ್ ಬಗ್ಗೆಯೂ ಒಂದು ಮಾತು. ಟೆಸ್ಟ್ ಬಿದ್ದರೆ ಅದರ ರನ್! ಎಂಬ ಫಂಕ್ಷನ್ ಬರೀ ನಿಲ್ (ಸುಳ್ಳು) ಹಿಂದಿರುಗಿಸುತ್ತದೆ. ಎಎಸ್‌ಡಿ ಫೈಲ್‌ನ ಟೆಸ್ಟ್ ಓಡಿಸುವ ಭಾಗವಾದ ಟೆಸ್ಟ್-ಆಪ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬಿಲ್ಡ್ ಹಸಿರಾಗಿಯೇ ಮುಗಿಯುತ್ತದೆ. ಅದಕ್ಕೇ ಲಾಗ್ ಓದದೆ ಪ್ಯಾಚ್ ಕಳಿಸಬೇಡಿ.

ವಾಸ್ಕೋ ೦೧, ಗೋವಾ

ವರ್ಶನ್ ಬಗ್ಗೆ: ಗೀಕ್ಸ್‌ನ ಗಿಟ್-ವರ್ಶನ್ ಫಂಕ್ಷನ್ ಬಳಸ್ರಿ. ಎಎಸ್‌ಡಿ ಫೈಲ್‌ನಾಗ ವರ್ಶನ್ ಇದ್ರ ಅದನ್ನ ಕೊಡ್ರಿ, ಇಲ್ಲಾಂದ್ರ 0.0.0. ರಿವಿಷನ್ "0"ಯಿಂದ ಶುರು, ಕಮಿಟ್ ಪೂರ್ತಿ 40 ಅಕ್ಷರ. ಕೊನಿಗೆ 0.0.0-0.4071935 ಅನ್ನೋ ಹಂಗ ಬರ್ತದ, ಕಮಿಟ್‌ನ ಮೊದಲ 7 ಅಕ್ಷರ ಅದರಾಗ ಇರ್ತಾವ. ಮುಂದ ಕಮಿಟ್ ಬದಲಿಸಿದಾಗ ರಿವಿಷನ್ ಒಂದು ಏರಿಸ್ರಿ.

ಇದನ್ನ ಬಿಟ್ಟು ಬರೀ "0.0.0" ಬರದ್ರ ಒಂದು ಮೋಸ ಅದ. ಸೋರ್ಸ್‌ನ ಸ್ಟೋರ್ ಪಾತ್ ಹೆಸರು ಮತ್ತು ಹ್ಯಾಶ್ (ಫೈಲ್‌ಗಳ ಒಳಗಿನದ್ರಿಂದ ಲೆಕ್ಕ ಹಾಕಿದ ಗುರುತು) ಮ್ಯಾಲೆ ನಿಂತದ. ಕಮಿಟ್ ಬದಲಿಸಿ ಹ್ಯಾಶ್ ಬದಲಿಸೋದು ಮರೆತ್ರ ಗೀಕ್ಸ್ ಹಳೆ ಸೋರ್ಸ್‌ನ್ನೇ ಎತ್ಕೊಂಡು ಬಿಲ್ಡ್ ಮಾಡ್ತದ, ಒಂದು ಮಾತೂ ಹೇಳೂದಿಲ್ಲ.

ಹ್ಯಾಶ್‌ಗೆ ಹೊಸದಾಗಿ ಕ್ಲೋನ್ ಮಾಡಿ, ಅದೇ ಕಮಿಟ್‌ಗೆ ಚೆಕ್‌ಔಟ್ ಮಾಡಿ ಗೀಕ್ಸ್ ಹ್ಯಾಶ್ -ಎಕ್ಸ್ --ಸೀರಿಯಲೈಝರ್=ನಾರ್ ಕೊಡ್ರಿ. ಕೆಲಸ ಮಾಡಿದ ಡೈರೆಕ್ಟರಿ ಬ್ಯಾಡ. -ಎಕ್ಸ್ ತೆಗೆಯೂದು ಡಾಟ್ ಗಿಟ್‌ನಂಥಾ ಡೈರೆಕ್ಟರಿನ ಅಷ್ಟ, ನಿಮ್ಮ ಫಾಸಲ್ (ಕಂಪೈಲ್ ಆದ ಲಿಸ್ಪ್) ಫೈಲ್ ಉಳಿದಿದ್ರ ಹ್ಯಾಶ್ ತಪ್ಪತದ.

ಕಂಸಪ್ರಿಯ, ಪುಣೆ

ಪಾತ್ ಬದಲಿಸಿದೆ, ಬಿಲ್ಡ್ ಆತು. ಪ್ಯಾಟರ್ನ್‌ನೇ ತಪ್ಪಿತ್ತು. ಈಗ ಎಎಸ್‌ಡಿ ಫೈಲ್‌ನಾಗ ಸ್ಲ್ಯಾಶ್ ಇರೋ ಎರಡನೇ ಸಿಸ್ಟಮ್ ಒಂದದ, ಅದು ಕಂಪೈಲ್ ಆಗ್ವಲ್ದು. ಮತ್ತ ಆಫೀಸಿನ್ಯಾಗ ಐದು ಮಷೀನ್‌ಗೆ ಇದು ಬೇಕು, ಎಲ್ಲಾ ಕಡೆ ಬಿಲ್ಡ್ ಮಾಡ್ಬೇಕೇನ್ರಿ?

ಮಾಟುಂಗಾ ಲಿಸ್ಪ್, ಮುಂಬೈ

ಪ್ಯಾಕೇಜ್ ಹೆಸರಿನಿಂದ ಎಸ್‌ಬಿಸಿಎಲ್- (ಲಿಸ್ಪ್ ಕಂಪೈಲರ್‌ನ ಹೆಸರು) ತೆಗೆದರೆ ಉಳಿಯುವ ಒಂದೇ ಸಿಸ್ಟಮ್ ತನ್ನಷ್ಟಕ್ಕೆ ಬಿಲ್ಡ್ ಆಗುತ್ತದೆ. ಇನ್ನೊಂದು ಬೇಕಿದ್ದರೆ #:ಎಎಸ್‌ಡಿ-ಸಿಸ್ಟಮ್ಸ್‌ನಲ್ಲಿ ಎರಡನ್ನೂ ಬರೆಯಿರಿ. ಆರ್ಗ್ಯುಮೆಂಟ್ಸ್ ಅನ್ನು (ಲಿಸ್ಟ್ ...) ರೂಪದಲ್ಲಿ ಬರೆದಿದ್ದರೆ ಸಿಸ್ಟಮ್‌ಗಳ ಪಟ್ಟಿಯ ಮುಂದೆ ಎರಡು ಕ್ವೋಟ್ ಬೇಕು. ಒಂದೇ ಇದ್ದರೆ ಬಿಲ್ಡ್ ಕಡೆಗೆ ಹೋದ ಪಟ್ಟಿಯನ್ನು ಫಂಕ್ಷನ್ ಕಾಲ್ ಎಂದು ಓದಿ ಎರರ್ ಬರುತ್ತದೆ.

ಮಷೀನ್‌ಗಳಿಗೆ: ಒಂದರಲ್ಲಿ ಬಿಲ್ಡ್ ಮಾಡಿ, ಬಿಲ್ಡ್ ಆದದ್ದನ್ನು ಹಂಚುವ ಗೀಕ್ಸ್ ಪಬ್ಲಿಶ್ --ಅಡ್ವರ್ಟೈಸ್ ಓಡಿಸಿ, ಪೋರ್ಟ್ 8080. ಉಳಿದವುಗಳ ಗೀಕ್ಸ್ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) --ಡಿಸ್ಕವರ್ ಕೊಡಿ, ಮೊದಲನೆಯದರ ಸಾರ್ವಜನಿಕ ಕೀಯನ್ನು ಗೀಕ್ಸ್ ಆರ್ಕೈವ್ --ಆಥರೈಝ್ ಮಾಡಿ. ಅಧಿಕೃತ ಸರ್ವರ್‌ಗಳು ಯುರೋಪಿನಲ್ಲಿವೆ, ನಮ್ಮ ಕಡೆಯಿಂದ ದೂರ. ಪುಣೆಯ ಒಂದೇ ಲ್ಯಾನ್‌ನಲ್ಲಿ ಇಳಿಸಿಕೊಂಡರೆ ಕಾಯುವ ಕೆಲಸವೇ ಇಲ್ಲ. ಎಸ್‌ಬಿಸಿಎಲ್ ವರ್ಶನ್ ಏರಿದ ದಿನ ಇದರ ಬೆಲೆ ಗೊತ್ತಾಗುತ್ತದೆ: ಫಾಸಲ್ ಫೈಲ್‌ಗಳು ತಮ್ಮನ್ನು ಕಂಪೈಲ್ ಮಾಡಿದ ವರ್ಶನ್‌ಗೆ ಮಾತ್ರ ಹೊಂದುತ್ತವೆ, ಎಸ್‌ಬಿಸಿಎಲ್- ಪ್ಯಾಕೇಜ್‌ಗಳೆಲ್ಲ ಮತ್ತೆ ಬಿಲ್ಡ್ ಆಗಬೇಕು.

ವಾಸ್ಕೋ ೦೧, ಗೋವಾ

ಕಳಿಸೋ ಮೊದಲು ಪ್ಯಾಕೇಜ್‌ನ ತಪ್ಪು ಹುಡುಕೋ ಗೀಕ್ಸ್ ಲಿಂಟ್ ಒಮ್ಮೆ ಓಡಿಸ್ರಿ. ಸೋರ್ಸ್ ಮತ್ತು ಇಸಿಎಲ್ (ಇನ್ನೊಂದು ಲಿಸ್ಪ್ ಕಂಪೈಲರ್) ಪ್ಯಾಕೇಜ್‌ಗಳನ್ನ ಕೈಲೆ ಬರೀಬ್ಯಾಡ್ರಿ, ಎಸ್‌ಬಿಸಿಎಲ್-ಪ್ಯಾಕೇಜ್->ಸಿಎಲ್-ಸೋರ್ಸ್-ಪ್ಯಾಕೇಜ್ ಮತ್ತು ಅದರ ಇಸಿಎಲ್ ಜೋಡಿ ಅದನ್ನ ಮಾಡಿಕೊಡ್ತಾವ. ಆದ್ರ ಇಸಿಎಲ್‌ನಾಗ ನಿಜವಾಗಿ ಬಿಲ್ಡ್ ಆಗ್ತದೋ ಅಂತ ನೋಡಿದ ಮ್ಯಾಲೇ ಅದನ್ನ ಸೇರಿಸ್ರಿ.