ಅಜ್ಜನ ಷೆವ್ರೊಲೆ ಲಾರಿ: ಕಾಲಿನ ಸೆಲ್ಫ್ ಒತ್ತಿದರೆ ಕರ್ರ್ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ

ಪ್ರಶ್ನೆ (ಗದಗ-ಬೆಟಗೇರಿಯಿಂದ)

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅಜ್ಜ ಓಡಿಸುತ್ತಿದ್ದ 1950ರ ಷೆವ್ರೊಲೆ ಲಾರಿ ನಮ್ಮಲ್ಲಿ ಇನ್ನೂ ಇದೆ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, 6 ವೋಲ್ಟ್ ಬ್ಯಾಟರಿ. ಗಾಡಿಯ ಬುಕ್ಕಿನ ಮೇಲೆ ಮುಂಬಯಿ ಸರ್ಕಾರದ ಮುದ್ರೆ ಇದೆ. 1956ರವರೆಗೆ ನಮ್ಮ ಕಡೆಯೆಲ್ಲ ಮುಂಬಯಿ ರಾಜ್ಯದಲ್ಲೇ ಇತ್ತಲ್ವಾ. ಅಜ್ಜ ಇದರಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಹತ್ತಿ ಅಂಡಿಗೆ ಸಾಗಿಸುತ್ತಿದ್ದರು.

ಎರಡು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಇದನ್ನು ರಿಪೇರಿ ಮಾಡುತ್ತಿದ್ದೇನೆ. ಇಂಜಿನ್ ಚೆನ್ನಾಗಿದೆ. ಮುಂದಿನಿಂದ ಹ್ಯಾಂಡಲ್ ಹೊಡೆದರೆ ಮೂರನೆಯ ಸುತ್ತಿಗೆ ಚಾಲೂ ಆಗುತ್ತದೆ. ತೊಂದರೆ ಇರುವುದು ಕಾಲಿನ ಸೆಲ್ಫಿನಲ್ಲಿ, ಅಂದರೆ ಕಾಲಿನಿಂದ ಪೆಡಲ್ ಒತ್ತಿ ಇಂಜಿನ್ ಚಾಲೂ ಮಾಡುವ ಮೋಟಾರಿನಲ್ಲಿ. ಎಕ್ಸಿಲೇಟರ್ ಪಕ್ಕದ ಪೆಡಲ್ ಒತ್ತಿದರೆ ಕರ್ರ್ ಅಂತ ಹಲ್ಲು ಉಜ್ಜುವ ಸದ್ದು ಬರುತ್ತದೆ. ಮೋಟಾರ್ ತಿರುಗುತ್ತದೆ, ಇಂಜಿನ್ ಅಲುಗುವುದಿಲ್ಲ. ಹ್ಯಾಂಡಲ್ ಹಾಕಿ ಇಂಜಿನ್ನನ್ನು ಸ್ವಲ್ಪ ಸರಿಸಿ ಮತ್ತೆ ಒತ್ತಿದರೆ ಕೆಲವು ಸಲ ಕಚ್ಚುತ್ತದೆ. ಆಗಲೂ ಬಹಳ ನಿಧಾನ ತಿರುಗುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ.

ಬ್ಯಾಟರಿ ಹೊಸದು. ಸೆಲ್ಫಿನ ಬ್ರಷ್, ಬುಷ್ ಎರಡೂ ಬದಲಿಸಿದ್ದೇನೆ. ಅದರ ಮೇಲಿನ ಸ್ವಿಚ್ ಸುಟ್ಟಿತ್ತು, ಅದನ್ನೂ ಹೊಸದಾಗಿ ಮಾಡಿಸಿದ್ದೇನೆ. ಚಾಸಿಗೆ ಪೂರ್ತಿ ಬಣ್ಣ ಹೊಡೆಸಿದ್ದೇನೆ. ಇಲ್ಲಿ ಇಬ್ಬರು ಮೇಸ್ತ್ರಿಗಳಿಗೆ ತೋರಿಸಿದೆ. ಪೆಡಲ್ ಕಿತ್ತು ಬಟನ್ ಸ್ಟಾರ್ಟ್ ಮಾಡಿಕೊಡುತ್ತೇವೆ ಅಂದರು. ನನಗೆ ಮನಸ್ಸಿಲ್ಲ. ಅಪ್ಪನಿಗೆ ಈಗ 78. ಚಿಕ್ಕವರಿದ್ದಾಗ ಅಜ್ಜನ ಪಕ್ಕ ಕುಳಿತು, ಆ ಪೆಡಲ್ ಒತ್ತಲು ಕಾಲು ಎಟುಕುವುದು ಯಾವಾಗ ಅಂತ ಕಾಯುತ್ತಿದ್ದರಂತೆ. ಈ ಖಂಡೇನವಮಿಗೆ ಅವರೇ ಅದನ್ನು ಒತ್ತಿ ಚಾಲೂ ಮಾಡಬೇಕು ಅಂತ ನನ್ನ ಆಸೆ. ಗೊತ್ತಿದ್ದವರು ದಾರಿ ತೋರಿಸಿ.

ಉತ್ತರ (ಹಾವೇರಿಯಿಂದ)

ಅಣ್ಣಾ, 12 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿ. ನಮ್ಮ ಹಳೆಯ ಜೀಪಿಗೆ ಹಾಗೇ ಮಾಡಿದೆವು, ಒಂದೇ ಏಟಿಗೆ ತಿರುಗಿತು.

ಉತ್ತರ (ಹುಬ್ಬಳ್ಳಿಯಿಂದ)

ಸರ್, ದಯವಿಟ್ಟು ಈಗಲೇ 12 ವೋಲ್ಟ್ ಕೊಡಬೇಡಿ. ನಿಮ್ಮದು ಹಲ್ಲು ಕಚ್ಚದ ತೊಂದರೆ. ಕಚ್ಚದೆ ಇರುವ ಹಲ್ಲಿಗೆ ಎರಡು ಪಟ್ಟು ಜೋರು ಕೊಟ್ಟರೆ ಇರುವ ಹಲ್ಲೂ ಹೋಗುತ್ತದೆ. ನಾನು 30 ವರ್ಷದಿಂದ ಸೆಲ್ಫ್, ಡೈನಮೋ ಬಿಚ್ಚುವ ಕೆಲಸದಲ್ಲೇ ಇದ್ದೇನೆ. ಕಾಲಿನ ಸೆಲ್ಫ್ ಈಗ ನಮ್ಮ ಅಂಗಡಿಗೆ ಬರುವುದು ಅಪರೂಪ. ಬಂದರೆ ನಾನೇ ಕೂತು ಬಿಚ್ಚುತ್ತೇನೆ, ಹುಡುಗರಿಗೆ ಕೊಡುವುದಿಲ್ಲ.

ಈ ಸೆಲ್ಫಿನಲ್ಲಿ ಸಾಲಿನಾಯ್ಡ್, ಅಂದರೆ ಕರೆಂಟಿನಿಂದಲೇ ಹಲ್ಲನ್ನು ಮುಂದೆ ತಳ್ಳುವ ಸ್ವಿಚ್, ಇಲ್ಲ. ಆ ಕೆಲಸವನ್ನು ನಿಮ್ಮ ಕಾಲೇ ಮಾಡಬೇಕು. ಪೆಡಲ್ ಒತ್ತಿದಾಗ ಲಿವರ್ ಮೊದಲು ಬೆಂಡಿಕ್ಸ್ ಹಲ್ಲನ್ನು (ಸೆಲ್ಫಿನ ತುದಿಯ ಚಿಕ್ಕ ಹಲ್ಲಿನ ಚಕ್ರ) ಫ್ಲೈವೀಲಿನ (ಇಂಜಿನ್ ಹಿಂದಿನ ಭಾರದ ಚಕ್ರ) ಅಂಚಿನಲ್ಲಿರುವ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರಿಗೆ ತಳ್ಳುತ್ತದೆ. ಹಲ್ಲು ಒಳಗೆ ಕೂತ ಮೇಲೆ ಅದೇ ಲಿವರ್ ಸ್ವಿಚ್ಚಿನ ಬಟನ್ ಒತ್ತಿ ಕರೆಂಟ್ ಕೊಡುತ್ತದೆ. ಮೊದಲು ಹಲ್ಲು, ಆಮೇಲೆ ಕರೆಂಟ್. ಇದು ಹಿಂದುಮುಂದಾದರೆ ತಿರುಗುತ್ತಿರುವ ಹಲ್ಲು ನಿಂತ ಗೇರಿಗೆ ಹೋಗಿ ಬಡಿಯುತ್ತದೆ. ನಿಮ್ಮ ಕರ್ರ್ ಸದ್ದು ಅದೇ ಇರಬೇಕು. ಸ್ವಿಚ್ ಹೊಸದಾಗಿ ಮಾಡಿಸಿದ್ದೀರಿ ಅಂದಿರಲ್ಲ, ನನಗೆ ಅದರ ಮೇಲೇ ಅನುಮಾನ. ಬಟನ್ ಹಳೆಯದಕ್ಕಿಂತ ಉದ್ದ ಇದ್ದರೆ ಕರೆಂಟ್ ಬೇಗ ಬಂದುಬಿಡುತ್ತದೆ.

ಹೀಗೆ ನೋಡಿ. ಮೊದಲು ಬ್ಯಾಟರಿಯ ಅರ್ತ್ ವೈರ್ ತೆಗೆಯಿರಿ. ಇದನ್ನು ಮರೆಯಬೇಡಿ. ಈ ಗಾಡಿಯಲ್ಲಿ ಬ್ಯಾಟರಿಯ ದಪ್ಪ ವೈರ್ ನೇರ ಸೆಲ್ಫಿನ ಸ್ವಿಚ್ಚಿಗೇ ಬರುತ್ತದೆ, ಯಾವಾಗಲೂ ಕರೆಂಟ್ ಇರುತ್ತದೆ. ಸ್ಪಾನರ್ ತಾಗಿದರೆ ಕೈ ಸುಡುತ್ತದೆ. ಆಮೇಲೆ ಸೆಲ್ಫ್ ಇಳಿಸಿ ಮೇಜಿನ ಮೇಲಿಡಿ. ಮಲ್ಟಿಮೀಟರನ್ನು ಬೀಪ್ ಬರುವಂತೆ ಇಟ್ಟು ಒಂದು ವೈರ್ ಸ್ವಿಚ್ಚಿನ ಬೋಲ್ಟಿಗೆ, ಇನ್ನೊಂದು ಸೆಲ್ಫಿನ ಬಾಡಿಗೆ ಹಿಡಿಯಿರಿ. ಲಿವರ್ ಕೈಯಿಂದ ನಿಧಾನ ಒತ್ತಿ. ಹಲ್ಲು ಹೆಚ್ಚುಕಡಿಮೆ ಕೊನೆ ಮುಟ್ಟಿದ ಮೇಲೆ ಬೀಪ್ ಬರಬೇಕು. ಬೀಪ್ ಬಂದ ಮೇಲೂ ಲಿವರ್ ಇನ್ನು ಸ್ವಲ್ಪ ಒಳಗೆ ಹೋಗಬೇಕು, ಇಲ್ಲದಿದ್ದರೆ ಸ್ವಿಚ್ಚಿನ ಒಳಗಿನ ತಾಮ್ರ ಗಟ್ಟಿಯಾಗಿ ಕೂರದೆ ಸುಡುತ್ತದೆ.

ನಿಧಾನ ತಿರುಗುವುದಕ್ಕೆ ಕಾರಣ ಬೇರೆ. ಬ್ಯಾಟರಿಯ ವೈರ್ ಎಷ್ಟು ದಪ್ಪ ಇದೆ? ಈಗಿನ 12 ವೋಲ್ಟ್ ಗಾಡಿಯ ವೈರ್ ಹಾಕಿದ್ದರೆ ಸಾಲದು. ಅದೇ ಕೆಲಸಕ್ಕೆ 6 ವೋಲ್ಟಿನಲ್ಲಿ ಎರಡು ಪಟ್ಟು ಆಂಪಿಯರ್ ಬೇಕು. ಸೆಲ್ಫ್ 200 ಆಂಪಿಯರ್ ಎಳೆಯುವಾಗ ವೈರಿನಲ್ಲಿ 0.005 ಓಮ್ ಅಡ್ಡಿ ಇದ್ದರೂ 1 ವೋಲ್ಟ್ ಅಲ್ಲೇ ಹೋಯಿತು. 6ರಲ್ಲಿ 1 ಅಂದರೆ ಜಾಸ್ತಿ ಸರ್. ಇನ್ನೊಂದು, ಚಾಸಿಗೆ ಬಣ್ಣ ಹೊಡೆದಿದ್ದೀರಿ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಇಂಜಿನ್ನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಇರಲೇಬೇಕು. ಪಟ್ಟಿ ಕೂರುವ ಕಡೆ ಬಣ್ಣ ಕೆರೆದು ಕಬ್ಬಿಣ ಕಾಣಬೇಕು.

ಉತ್ತರ (ರಾಣೆಬೆನ್ನೂರಿನಿಂದ)

ತಮ್ಮಾ, ನಾನು ಹುಡುಗನಿದ್ದಾಗ ಇಂಥ ಷೆವ್ರೊಲೆಯಲ್ಲೇ ಕ್ಲೀನರ್ ಆಗಿ ಸೇರಿದವನು. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರುತ್ತಿದ್ದೆವು. ಆಮೇಲೆ ಅದೇ ಗಾಡಿಗೆ ಡ್ರೈವರ್ ಆದೆ. ಈ ಗಾಡಿಗಳನ್ನು ಮುಂಬಯಿಯ ಶಿವಡಿಯಲ್ಲಿ ಜೋಡಿಸುತ್ತಿದ್ದರು, 1928ರಿಂದ. 1954ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದೆ ಪಾರ್ಟ್ ಸಿಗದೆ ನಾವು ಒಂದೊಂದು ಹಲ್ಲನ್ನೂ ಜೀವದಂತೆ ಕಾಪಾಡಿಕೊಂಡೆವು.

ಹುಬ್ಬಳ್ಳಿಯವರು ಹೇಳಿದ್ದು ಸರಿ. ನಾನು ಕಾಲಿನ ಮಾತು ಹೇಳುತ್ತೇನೆ. ನನ್ನ ಉಸ್ತಾದರು "ಒದೀಬೇಡ, ಒತ್ತು" ಅನ್ನುತ್ತಿದ್ದರು. ಮೊದಲು ಹಗುರವಾಗಿ ಒತ್ತಬೇಕು. ಹಲ್ಲು ಮುಟ್ಟಿದ್ದು ಅಂಗಾಲಿಗೆ ಗೊತ್ತಾಗುತ್ತದೆ. ಗೊತ್ತಾದ ಕೂಡಲೆ ತಡೆಯದೆ ಕೊನೆಯವರೆಗೆ ಗಟ್ಟಿಯಾಗಿ ಒತ್ತಬೇಕು. ಅರ್ಧಕ್ಕೆ ಹಿಡಿದು ನಿಲ್ಲಬಾರದು, ಸ್ವಿಚ್ ಸುಡುತ್ತದೆ. ಇಂಜಿನ್ ಹಿಡಿದ ತಕ್ಷಣ ಕಾಲು ತೆಗೆಯಬೇಕು.

ಈ ಪೆಡಲ್ಲಿಗೆ ಚಾವಿಯ ಹಂಗಿಲ್ಲ. ಚಾವಿ ಬಂದ್ ಇದ್ದರೂ ಸೆಲ್ಫ್ ತಿರುಗುತ್ತದೆ. ಹಾಗಾಗಿ ಬಹಳ ದಿನ ನಿಂತ ಗಾಡಿಯನ್ನು ಮೊದಲು ಚಾವಿ ಇಲ್ಲದೆ ನಾಲ್ಕು ಸುತ್ತು ತಿರುಗಿಸಿ, ಆಯಿಲ್ ಮೇಲೇರಿದ ಮೇಲೆ ಚಾವಿ ಹಾಕುತ್ತಿದ್ದೆವು. ಆದರೆ ಗೇರಿನಲ್ಲಿ ಬಿಟ್ಟು ಒತ್ತಿದರೆ ಲಾರಿ ಮುಂದೆ ಜಿಗಿಯುತ್ತದೆ. ಅಪ್ಪನವರು ಒತ್ತುವ ದಿನ ನ್ಯೂಟ್ರಲ್ ಇದೆಯಾ ಅಂತ ನೀನೇ ಕೈಯಿಂದ ಆಡಿಸಿ ನೋಡು. ಗಾಡಿಯ ಮುಂದೆ ಮಕ್ಕಳನ್ನು ನಿಲ್ಲಿಸಬೇಡ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಬೇರೆ ಬೆರಳುಗಳ ಕಡೆಗೇ ಇಟ್ಟುಕೋ. ಹ್ಯಾಂಡಲ್ ತಿರುಗಿ ಒದ್ದು ಹೆಬ್ಬೆರಳು ಮುರಿದುಕೊಂಡವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು (ಗದಗ-ಬೆಟಗೇರಿಯಿಂದ)

ಹುಬ್ಬಳ್ಳಿಯ ಅಣ್ಣಾವ್ರೇ, ನೀವು ಹೇಳಿದಂತೆಯೇ ಇತ್ತು! ಭಾನುವಾರ ಸೆಲ್ಫ್ ಇಳಿಸಿದೆ. ಹಲ್ಲು ಅರ್ಧ ದಾರಿಗೂ ಹೋಗಿರಲಿಲ್ಲ, ಬೀಪ್ ಬಂತು. ಪುಣ್ಯಕ್ಕೆ ಹಳೆಯ ಸ್ವಿಚ್ ಡಬ್ಬಿಯಲ್ಲಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ಅಳೆದರೆ ಹೊಸ ಬಟನ್ 3 ಮಿಲಿಮೀಟರ್ ಉದ್ದ. ಬೆಟಗೇರಿಯ ಲೇತ್ ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿಸಿದೆ. ಪ್ರತಿ ಸಲ ಜೋಡಿಸಿ ಬೀಪ್ ನೋಡಿದೆ. ನಾಲ್ಕನೆಯ ಸಲಕ್ಕೆ ಸರಿಯಾಯಿತು.

ವೈರ್ ಸಹ ತಪ್ಪೇ. ಸೆಲ್ಫ್ ತಿರುಗುವಾಗ ಬ್ಯಾಟರಿಯ ಕಡ್ಡಿಯಿಂದ ಸ್ವಿಚ್ಚಿನವರೆಗೆ ಅಳೆದೆ, 1.1 ವೋಲ್ಟ್ ಅಲ್ಲೇ ಉಳಿಯುತ್ತಿತ್ತು. ವೆಲ್ಡಿಂಗ್ ಮಶೀನಿನ ದಪ್ಪ ತಾಮ್ರದ ವೈರ್ ತಂದು ತುದಿಗೆ ಲಗ್ ಒತ್ತಿಸಿ ಹಾಕಿದೆ. ಅರ್ತ್ ಪಟ್ಟಿಯ ಕೆಳಗಿನ ಬಣ್ಣವನ್ನೂ ಕೆರೆದೆ. ಈಗ 0.2ಕ್ಕೆ ಇಳಿದಿದೆ. ಸೆಲ್ಫಿನ ದನಿಯೇ ಬದಲಾಗಿದೆ. ಮೊದಲು ನರಳುತ್ತಿತ್ತು, ಈಗ ಚುರುಕಾಗಿ ತಿರುಗುತ್ತದೆ.

ಇನ್ನು ಒಂದೇ ಉಳಿದಿದೆ. ಹತ್ತು ಸಲ ಒತ್ತಿದರೆ ಒಂದೆರಡು ಸಲ ಈಗಲೂ ಕಚ್ಚುವುದಿಲ್ಲ. ಸ್ವಲ್ಪ ಸರಿಸಿದರೆ ಕಚ್ಚುತ್ತದೆ.

ಉತ್ತರ (ಹುಬ್ಬಳ್ಳಿಯಿಂದ)

ಬಹಳ ಸಂತೋಷ ಆಯಿತು ಸರ್. ಉಳಿದದ್ದು ರಿಂಗ್ ಗೇರ್. ಆರು ಸಿಲಿಂಡರಿನ ಇಂಜಿನ್ ಬಂದ್ ಆಗುವಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಸಿಲಿಂಡರಿನೊಳಗೆ ಒತ್ತಿದ ಗಾಳಿ (ಕಂಪ್ರೆಶನ್) ಇಂಜಿನ್ನನ್ನು ತಡೆಯುವ ಮೂರು ಜಾಗದಲ್ಲೇ ನಿಲ್ಲುತ್ತದೆ. ಸೆಲ್ಫ್ ಯಾವಾಗಲೂ ಆ ಮೂರು ಕಡೆಯ ಹಲ್ಲಿಗೇ ಬಡಿಯುತ್ತದೆ, ಅಲ್ಲೇ ಸವೆಯುತ್ತದೆ. ಸೆಲ್ಫ್ ಇಳಿಸಿದಾಗ ಕಾಣುವ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ, ಯಾರಾದರೂ ಹ್ಯಾಂಡಲ್ ತಿರುಗಿಸಲಿ. ಸವೆದ ಹಲ್ಲು ಕಣ್ಣಿಗೇ ಕಾಣುತ್ತವೆ.

ಹಬ್ಬಕ್ಕೆ ಮೊದಲು ಅದನ್ನು ಮುಟ್ಟಬೇಡಿ. ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ದಸರಾ ಮುಗಿದ ಮೇಲೆ ರಿಂಗನ್ನು ಸುತ್ತಲೂ ಸಮನಾಗಿ ಕಾಯಿಸಿ ಹೊರಗೆ ತೆಗೆದು, ಮಗ್ಗುಲು ಬದಲಿಸಿ ಹಾಕಿಸಿ. ಸವೆಯದ ಕಡೆ ಸೆಲ್ಫಿಗೆ ಎದುರಾಗುತ್ತದೆ. ಕೆಂಪಗಾಗುವಂತೆ ಕಾಯಿಸಲು ಬಿಡಬೇಡಿ, ಹಲ್ಲು ಮೆತ್ತಗಾಗುತ್ತವೆ. ಹೊಸ ಮಗ್ಗುಲಿನ ಹಲ್ಲಿನ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿಸಿ. ಫ್ಲೈವೀಲನ್ನು ಮಾತ್ರ ಮೊದಲಿದ್ದ ತೂತುಗಳಿಗೇ ಕೂಡಿಸಬೇಕು. ಅದರಲ್ಲಿ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಹೊತ್ತು) ನೋಡುವ ಉಕ್ಕಿನ ಗುಂಡು ಇದೆ, ಬೇರೆ ತೂತಿಗೆ ಕೂತರೆ ಗುರುತು ತಪ್ಪುತ್ತದೆ. ಬಿಚ್ಚುವ ಮುಂಚೆ ಪಂಚಿನಿಂದ ಎರಡು ಚುಕ್ಕಿ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು

ಚುಕ್ಕಿ ಹಾಕುತ್ತೇನೆ. ನಿನ್ನೆ ಸಂಜೆ ಅಪ್ಪ ತಾವೇ ಸೀಟಿಗೆ ಹತ್ತಿದರು. ಹಬ್ಬದವರೆಗೆ ಕಾಯಲಿಲ್ಲ. ನ್ಯೂಟ್ರಲ್ ನಾನು ನೋಡಿದೆ. ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಒತ್ತಿದರು, ಮೊದಲು ಹಗುರ, ಆಮೇಲೆ ಗಟ್ಟಿ. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಸುತ್ತಿಗೇ ಇಂಜಿನ್ ಹಿಡಿಯಿತು.