ಹೂವಿನ ಇಡಿಎನ್‌ಎ: ಥ್ರಿಪ್ಸ್, ಸಸ್ಯಹೇನುಗಳೇ ತುಂಬಿವೆ, ಜೇನ್ನೊಣದ ಸುಳಿವಿಲ್ಲ

ಹುಲ್ಲುಬಯಲು:
ಹುಲ್ಲುಗಾವಲಿನ ಕಾಡುಹೂಗಳಿಗೆ ಯಾವ ಕೀಟಗಳು ಬಂದುಹೋಗುತ್ತವೆ ಎಂದು ಇಡಿಎನ್‌ಎ (ಅವು ಹೂವಿನ ಮೇಲೆ ಬಿಟ್ಟುಹೋದ ಡಿಎನ್‌ಎ) ಮೂಲಕ ನೋಡುತ್ತಿದ್ದೇವೆ. ಸೇವಂತಿಗೆ ಕುಟುಂಬದ ಹೂಗಳನ್ನು ಇಡಿಯಾಗಿ ಕತ್ತರಿಸಿ ಟ್ಯೂಬಿಗೆ ಹಾಕಿ, −20 ಡಿಗ್ರಿಯಲ್ಲಿಟ್ಟು, ಸಿಒಐ (ಪ್ರಾಣಿಗಳ ಜಾತಿ ಗುರುತಿಸಲು ಬಳಸುವ ಜೀನ್) ಪ್ರೈಮರ್, ಅಂದರೆ ಆ ಜೀನಿಗೆ ಅಂಟುವ ಚಿಕ್ಕ ಡಿಎನ್‌ಎ ತುಣುಕು ಬಳಸಿ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡಿದೆವು. ರೀಡ್‌ಗಳಲ್ಲಿ (ಯಂತ್ರ ಓದಿದ ಡಿಎನ್‌ಎ ತುಣುಕುಗಳಲ್ಲಿ) ಬಹುಪಾಲು ಥ್ರಿಪ್ಸ್ (ಹೂವಿನಲ್ಲಿರುವ ಪುಟ್ಟ ಕೀಟ), ಸಸ್ಯಹೇನು. ಕಣ್ಣೆದುರೇ ಕೂತೆದ್ದ ಜೇನ್ನೊಣ ಮಾತ್ರ ಇಲ್ಲ. ಕೆಲವು ಸ್ಯಾಂಪಲ್‌ಗಳಲ್ಲಿ ಬ್ಯಾಂಡೇ (ಪಿಸಿಆರ್ ಆಗಿದ್ದರೆ ಜೆಲ್‌ನಲ್ಲಿ ಕಾಣುವ ಗೆರೆ) ಬಂದಿಲ್ಲ. ಎಲ್ಲಿ ತಪ್ಪಿದ್ದೇವೆ?

ಮಕರಂದ:
ಹೂವಿನ ಕೊಳವೆಗಳೊಳಗೆ ಥ್ರಿಪ್ಸ್ ಅಡಗಿ ಕೂತಿರುತ್ತದೆ. ಜೇನ್ನೊಣ ಬಿಟ್ಟುಹೋಗುವುದು ಕಾಲು, ನಾಲಿಗೆ ತಾಗಿದಷ್ಟು ಮಾತ್ರ. ಒಂದು ಇಡೀ ಥ್ರಿಪ್ಸ್ ಟ್ಯೂಬಿಗೆ ಬಿದ್ದರೆ ಜೇನ್ನೊಣದ ಆ ಸುಳಿವನ್ನು ಮುಚ್ಚಿಹಾಕಲು ಸಾಕು. ಹೂ ಕೊಯ್ದ ತಕ್ಷಣ ಲೆನ್ಸ್ ಹಿಡಿದು ಎಸಳುಗಳ ಬುಡ ಬಿಡಿಸಿ ನೋಡಿ, ಕಂಡ ಹುಳವನ್ನೆಲ್ಲ ತೆಗೆಯಿರಿ. ಚಿಮಟವನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು, ಡಿಎನ್‌ಎ ಹಾಗೇ ಉಳಿಯುತ್ತದೆ. 10% ಬ್ಲೀಚ್‌ನಲ್ಲಿ ಅದ್ದಿ, ಡಿಎನ್‌ಎ ಇಲ್ಲದ ಶುದ್ಧ ನೀರಲ್ಲಿ ತೊಳೆಯಿರಿ. ಹೂವಿಗೊಂದು ಜೊತೆ ಕೈಗವಸು. ಮಳೆ ನಿಂತ ಕೂಡಲೇ ಕೊಯ್ಯಬೇಡಿ, ಅಂಟಿದ್ದೆಲ್ಲ ತೊಳೆದುಹೋಗಿರುತ್ತದೆ.

ಇನ್ನೊಂದು: ಕೆಲವು ಮೊಗ್ಗುಗಳಿಗೆ ಸಣ್ಣಕಣ್ಣಿನ ಬಲೆಚೀಲ ಕಟ್ಟಿ, ಅರಳಿದ ಮೇಲೂ ಬಿಚ್ಚದೆ ಕೊಯ್ಯಿರಿ. ಇವುಗಳಲ್ಲಿ ಸಿಕ್ಕ ಜಾತಿ ಗಾಳಿಯಲ್ಲಿ ಬಂದದ್ದು ಇಲ್ಲವೇ ಮೊದಲೇ ಒಳಗಿದ್ದದ್ದು. ಈ ಹೋಲಿಕೆ ಇಲ್ಲದೆ ಪಟ್ಟಿಯನ್ನು ನಂಬುವುದು ಕಷ್ಟ. ಹೊಲದಲ್ಲೇ ತೆರೆದು ಮುಚ್ಚಿದ ಖಾಲಿ ಟ್ಯೂಬನ್ನೂ, ಹೊರಗಿನ ಡಿಎನ್‌ಎ ಸೇರಿದೆಯೇ ಎಂದು ತಿಳಿಯಲು, ಕೊನೆಯವರೆಗೆ ಜೊತೆಗೆ ಓಡಿಸಿ.

ಪಿಪೆಟ್:
ಬ್ಯಾಂಡ್ ಬರದಿದ್ದಕ್ಕೆ ಮೊದಲ ಅನುಮಾನ ಹೂವಿನ ಪಾಲಿಫೀನಾಲ್‌ಗಳ (ಪಿಸಿಆರ್ ತಡೆಯುವ ಸಸ್ಯ ರಾಸಾಯನಿಕಗಳ) ಮೇಲೆ. ಅದೇ ಡಿಎನ್‌ಎಯನ್ನು 1:10 ತೆಳುಮಾಡಿ ಪಕ್ಕದಲ್ಲೇ ಓಡಿಸಿ. ತೆಳುವಾದದ್ದರಲ್ಲಿ ಬ್ಯಾಂಡ್ ಬಂದರೆ ಪ್ರತಿಬಂಧಕವೇ ಕಾರಣ, ಬಿಎಸ್‌ಎ (ಪ್ರತಿಬಂಧಕವನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿ. ಹೂವನ್ನು ಅರೆದಿದ್ದರೆ ಅದನ್ನು ನಿಲ್ಲಿಸಿ. ಅರೆದಷ್ಟೂ ಗಿಡದ ಡಿಎನ್‌ಎ ಹೆಚ್ಚುತ್ತದೆ, ನಮಗೆ ಬೇಕಿರುವುದು ಎಸಳಿನ ಮೇಲಿನದ್ದು. ಹೂ ಮುಳುಗುವಷ್ಟು ಲೈಸಿಸ್ ಬಫರ್ (ಜೀವಕೋಶ ಒಡೆಯುವ ದ್ರಾವಣ), ಪ್ರೋಟಿನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ), 56 ಡಿಗ್ರಿಯಲ್ಲಿ ರಾತ್ರಿಯಿಡೀ.

658 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಪೂರ್ತಿ ಬಾರ್‌ಕೋಡ್‌ಗೆ, ಅಂದರೆ ಜಾತಿ ಗುರುತಿಸುವ ಇಡೀ ಸಿಒಐ ತುಣುಕಿಗೆ ಪ್ರಯತ್ನಿಸಿದ್ದೀರಾ? ಬಿಸಿಲಿಗೆ ಚೂರಾದ ಡಿಎನ್‌ಎಗೆ 100–200 ಬೇಸ್‌ಗಳ ತುಣುಕೇ ಸರಿ. ಸಿಒಐ ಪ್ರೈಮರ್ ಶಿಲೀಂಧ್ರವನ್ನೂ ಎಳೆದುಕೊಳ್ಳುತ್ತದೆ, ಜೊತೆಗೆ ಕೀಟಗಳ 16ಎಸ್ ಎಂಬ ಇನ್ನೊಂದು ಜೀನಿನ ಪ್ರೈಮರ್ ಇರಲಿ. ಅಪರೂಪದ ಡಿಎನ್‌ಎ ಒಂದು ಪಿಸಿಆರ್‌ನಲ್ಲಿ ಸಿಕ್ಕರೆ ಇನ್ನೊಂದರಲ್ಲಿ ಸಿಗದು. 3 ಪುನರಾವರ್ತನೆಗಿಂತ ಕಡಿಮೆ ಬೇಡ.

ಹುಲ್ಲುಬಯಲು:
ಹೌದು, ಅರೆದಿದ್ದೆವು. ರೀಡ್ ಎಣಿಕೆಯಿಂದ ಒಂದು ಕೀಟ ಎಷ್ಟು ಸಲ ಬಂದಿತ್ತು ಎಂದು ಹೇಳಬಹುದೇ?

ಮಕರಂದ:
ಆಗದು. ಹೂವಿನ ಮೇಲೆ ಏಡಿಜೇಡ ನೊಣ ಹಿಡಿದು ತಿಂದಿದ್ದರೂ ಆ ನೊಣದ ರೀಡ್ ಸಾವಿರಗಟ್ಟಲೆ ಬರಬಹುದು. ಬಂದಿತ್ತು, ಇಲ್ಲ ಎಂಬಷ್ಟೇ ಬರೆಯಿರಿ. ಎಣಿಕೆ ಬೇಕಿದ್ದರೆ ಅದೇ ಗಿಡಗಳ ಮುಂದೆ ಕ್ಯಾಮೆರಾ ಇಡಿ.